ಬಿಳಿ ಪಿಂಗಾಣಿಯ ಬೆಲೆ



ಅತಿಥಿಗಳು ಬಂದಾಗ ಮಾತ್ರ ಕಪಾಟಿನಿಂದ ಹೊರಬರುವ ಪಿಂಗಾಣಿ ಬಟ್ಟಲುಗಳು ನಮ್ಮಲ್ಲಿ ಅನೇಕರ ಮನೆಗಳಲ್ಲಿವೆ. ಅಂಥ ಒಂದು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ. ಆಚೆಗಿರುವ ಬೆರಳುಗಳ ನೆರಳು ಮಸುಕಾಗಿ ಕಾಣುತ್ತದೆ. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಸಣ್ಣ ಗಂಟೆಯ ನಾದ ಹೊಮ್ಮುತ್ತದೆ. ಇಂದು ಸಾಮಾನ್ಯರ ಮನೆಯನ್ನೂ ಸೇರಿರುವ ಈ ವಸ್ತು ಮುನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಅರಸರ ಹಾಗೂ ಸಿರಿವಂತರ ಸೊತ್ತಾಗಿತ್ತು. ಅದು ಚೀನಾ ಮತ್ತು ಜಪಾನುಗಳಿಂದ ಹಡಗಿನಲ್ಲಿ ಬರಬೇಕಾಗಿತ್ತು. ಮಾಡುವ ಬಗೆ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಇಟಾಲಿಯನ್ನರು ಅದರ ಹೊಳಪನ್ನು ಕಂಡು ಕವಡೆಗಿದ್ದ ‘ಪೊರ್ಚೆಲ್ಲಾನಾ’ ಎಂಬ ಹೆಸರನ್ನೇ ಅದಕ್ಕೂ ಇಟ್ಟರು. ಇಂಗ್ಲಿಷಿನ ‘ಪೋರ್ಸೆಲಿನ್’ ಹುಟ್ಟಿದ್ದು ಅಲ್ಲಿಂದ.

ಈ ಬಿಳುಪಿಗೆ ಯುರೋಪು ತೆತ್ತ ಬೆಲೆ ಏನೆಂದು ಅರಿಯಬೇಕಾದರೆ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮೈಸೆನ್ ಪಟ್ಟಣಕ್ಕೆ ಹೋಗಬೇಕು. ಬನ್ನಿ, ಈ ಪುಟಗಳ ಮೂಲಕವಾದರೂ ಒಮ್ಮೆ ಹೋಗಿಬರೋಣ.

ಡ್ರೆಸ್ಡೆನ್ ನಗರದಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ಎಲ್ಬೆ ನದಿಯ ದಡದಲ್ಲಿ ಈ ಪುಟ್ಟ ಪಟ್ಟಣವಿದೆ. ನದಿಯಾಚೆಯಿಂದಲೇ ಕಣ್ಣಿಗೆ ಬೀಳುವುದು ಒಂದು ಗುಡ್ಡ. ಅದರ ಮೇಲೆ ಒಂದಕ್ಕೊಂದು ತಾಗಿಕೊಂಡಂತೆ ನಿಂತ ಪ್ರಧಾನಾಲಯ ಮತ್ತು ಕೋಟೆ. ಕ್ರಿ.ಶ. 968ರಲ್ಲೇ ಇಲ್ಲಿ ಧರ್ಮಾಧ್ಯಕ್ಷರ ಪೀಠ ಸ್ಥಾಪನೆಯಾಯಿತು. ಹನ್ನೊಂದನೆಯ ಶತಮಾನದಲ್ಲಿ ಸಂತ ಬೆನ್ನೋ ಇಲ್ಲಿ ಧರ್ಮಾಧ್ಯಕ್ಷರಾಗಿದ್ದರು. ಇಂದಿಗೂ ಅಲ್ಲಿನ ಕಥೋಲಿಕ ಧರ್ಮಪ್ರಾಂತ್ಯ ಡ್ರೆಸ್ಡೆನ್–ಮೈಸೆನ್ ಎಂಬ ಹೆಸರನ್ನೇ ಹೊತ್ತಿದೆ. ಪಕ್ಕದ ಕೋಟೆಯ ಹೆಸರು ಆಲ್ಬ್ರೆಶ್ಟ್ಸ್‌ಬುರ್ಗ್. 1471ರಲ್ಲಿ ಅರಮನೆಯಾಗಿ ಕಟ್ಟಲು ಆರಂಭಿಸಿದ ಈ ಕಟ್ಟಡವೇ ಯುರೋಪಿನ ಮೊದಲ ಅಪ್ಪಟ ಪಿಂಗಾಣಿ ಕಾರ್ಖಾನೆಯಾಯಿತು. ಅರಮನೆಯನ್ನು ಕಾರ್ಖಾನೆ ಮಾಡಿದ್ದೇಕೆ? ಗುಡ್ಡದ ಮೇಲಿನ ಕೋಟೆಗೆ ಕಾವಲು ಹಾಕುವುದು ಸುಲಭ. ಒಳಗಿನ ರಹಸ್ಯ ಹೊರಗೆ ಹೋಗಬಾರದು, ರಹಸ್ಯ ಬಲ್ಲವರೂ ಹೋಗಬಾರದು.

ಆ ರಹಸ್ಯದ ಕಥೆ ಪಿಂಗಾಣಿಯಿಂದಲ್ಲ, ಬಂಗಾರದಿಂದ ಆರಂಭವಾಗುತ್ತದೆ. 1682ರಲ್ಲಿ ಹುಟ್ಟಿದ ಯೋಹಾನ್ ಫ್ರೀಡ್ರಿಶ್ ಬ್ಯೋಟ್ಗರ್ ಬರ್ಲಿನ್ನಿನಲ್ಲಿ ಔಷಧಿ ವ್ಯಾಪಾರಿಯೊಬ್ಬರ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ. ಕೀಳು ಲೋಹವನ್ನು ಚಿನ್ನವಾಗಿಸಬಲ್ಲೆನೆಂದು ಅವನು ಹೇಳಿಕೊಂಡ. ಹರೆಯದ ಆ ಜಂಭವೇ ಅವನ ಕೊರಳಿಗೆ ಉರುಳಾಯಿತು. ಸುದ್ದಿ ಪ್ರಷ್ಯದ ಅರಸನ ಕಿವಿಗೆ ಬಿತ್ತು. 1701ರಲ್ಲಿ ಗಡಿ ದಾಟಿ ಓಡಿದ ಬ್ಯೋಟ್ಗರ್ ಸ್ಯಾಕ್ಸನಿಯ ಅರಸನ ಕೈಗೆ ಸಿಕ್ಕಿದ. ‘ಬಲಾಢ್ಯ’ನೆಂಬ ಬಿರುದಿನ ಈ ಆಗಸ್ಟಸ್, ಪೋಲೆಂಡಿನ ಕಿರೀಟಕ್ಕಾಗಿ 1697ರಲ್ಲಿ ಕಥೋಲಿಕನಾದವನು. ಯುದ್ಧಕ್ಕೂ ವೈಭವಕ್ಕೂ ಅವನಿಗೆ ಹಣ ಬೇಕಾಗಿತ್ತು. ಹತ್ತೊಂಬತ್ತರ ತರುಣನನ್ನು ಅವನು ಸೆರೆಯಲ್ಲಿಟ್ಟು, ಚಿನ್ನ ಮಾಡು ಎಂದ.

ಚಿನ್ನ ಆಗಲಿಲ್ಲ, ಆಗುವಂಥದ್ದೂ ಅಲ್ಲ. ಬ್ಯೋಟ್ಗರ್ 1703ರಲ್ಲಿ ತಪ್ಪಿಸಿಕೊಂಡು ಓಡಿದ, ಮತ್ತೆ ಸಿಕ್ಕಿಬಿದ್ದ. ಡ್ರೆಸ್ಡೆನ್, ಮೈಸೆನ್, ಕ್ಯೋನಿಗ್‌ಸ್ಟೈನ್ ಕೋಟೆ ಎಂದು ಸೆರೆಯ ಸ್ಥಳ ಬದಲಾಯಿತೇ ಹೊರತು ಸೆರೆ ತಪ್ಪಲಿಲ್ಲ. ಅವನ ಪುಣ್ಯಕ್ಕೆ ವಾಲ್ಟರ್ ಫಾನ್ ಚಿರ್ನ್‌ಹೌಸ್ ಎಂಬ ವಿದ್ವಾಂಸ ಜೊತೆಗೂಡಿದ. ಗಣಿತ, ಭೌತವಿಜ್ಞಾನಗಳನ್ನು ಬಲ್ಲ ಈ ಹಿರಿಯನು ಸೂರ್ಯನ ಬೆಳಕನ್ನು ಒಂದೆಡೆ ಕೂಡಿಸುವ ದೊಡ್ಡ ಮಸೂರ, ದರ್ಪಣಗಳಿಂದ ಮಣ್ಣು ಕಲ್ಲುಗಳನ್ನು ಕರಗಿಸಿ ನೋಡುತ್ತಿದ್ದ. ಬ್ಯೋಟ್ಗರನ ಗಮನವನ್ನು ಚಿನ್ನದಿಂದ ಮಣ್ಣಿನತ್ತ ತಿರುಗಿಸಿದವನು ಅವನೇ. ಗಣಿಯ ನುರಿತ ಕೆಲಸಗಾರರೂ ಅವರಿಗೆ ನೆರವಾದರು. ಮೊದಲು ಕೆಂಪು ಬಣ್ಣದ ಗಟ್ಟಿ ಪಾತ್ರೆಗಳು ಬಂದವು. ಬಳಿಕ 1708ರ ಜನವರಿ 15ರಂದು, ಬಿಳಿ ಜೇಡಿಯನ್ನೂ ಅಲಬಾಸ್ಟರ್ ಕಲ್ಲಿನ ಪುಡಿಯನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಸುಟ್ಟ ಫಲಗಳನ್ನು ಬ್ಯೋಟ್ಗರ್ ಬರೆದಿಟ್ಟ. ಕೆಲವು ತುಣುಕುಗಳು ಬೆಳ್ಳಗೆ, ಬೆಳಕು ಹಾಯುವಂತೆ ಹೊರಬಂದಿದ್ದವು. ಆ ವರ್ಷದ ಅಕ್ಟೋಬರಿನಲ್ಲಿ ಚಿರ್ನ್‌ಹೌಸ್ ತೀರಿಕೊಂಡ. ಕಾರ್ಖಾನೆಯನ್ನು ಕಣ್ಣಾರೆ ಕಾಣುವ ಭಾಗ್ಯ ಅವನಿಗೆ ಇರಲಿಲ್ಲ. 1710ರ ಜನವರಿ 23ರಂದು ಅರಸನು ಕಾರ್ಖಾನೆಯ ಸ್ಥಾಪನೆಯನ್ನು ಘೋಷಿಸಿದ. ಅದೇ ವರ್ಷ ಅದು ಮೈಸೆನ್ ಕೋಟೆಯನ್ನು ಸೇರಿತು.

ದೇವರು ತನ್ನನ್ನು ಚಿನ್ನ ಮಾಡುವವನಿಂದ ಕುಂಬಾರನನ್ನಾಗಿ ಮಾಡಿದನೆಂಬ ಅರ್ಥದ ಮಾತನ್ನು ಬ್ಯೋಟ್ಗರ್ ತನ್ನ ಪ್ರಯೋಗಶಾಲೆಯ ಬಾಗಿಲ ಮೇಲೆ ಬರೆದಿದ್ದನೆಂದು ಪ್ರತೀತಿ. ಅದು ತಮಾಷೆಯೋ ತಪ್ಪೊಪ್ಪಿಗೆಯೋ ನೀವೇ ಊಹಿಸಿಕೊಳ್ಳಿ. ಅವನಿಗೆ ಬಿಡುಗಡೆ ದೊರೆತದ್ದು 1714ರಲ್ಲಿ. ಹೊಗೆ, ಕುಡಿತ ಮತ್ತು ಸೆರೆವಾಸಗಳಿಂದ ದೇಹ ಜರ್ಜರಿತವಾಗಿತ್ತು. 1719ರ ಮಾರ್ಚ್ 13ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ ಅವನು ಕಣ್ಣು ಮುಚ್ಚಿದ. ಇಷ್ಟೆಲ್ಲ ಕಾವಲಿನಿಂದ ರಹಸ್ಯವಾದರೂ ಉಳಿಯಿತೇ? ಇಲ್ಲ. ಮೈಸೆನ್ ತೊರೆದವರ ನೆರವಿನಿಂದ 1718ರಲ್ಲೇ ವಿಯೆನ್ನಾದಲ್ಲಿ ಎರಡನೆಯ ಕಾರ್ಖಾನೆ ತಲೆಯೆತ್ತಿತು.

ಇದೇ ಕಾಲದಲ್ಲಿ ಪಿಂಗಾಣಿಯ ತವರಾದ ಚೀನಾದಿಂದಲೂ ಅರಿವು ಹರಿದು ಬರುತ್ತಿತ್ತು. ಜಿಂಗ್‌ಡೆಝೆನ್ ಎಂಬ ಪಿಂಗಾಣಿ ನಗರದಲ್ಲಿ ಸೇವೆಯಲ್ಲಿದ್ದ ಫ್ರೆಂಚ್ ಯೇಸುಸಭೆಯ ಗುರು ಫ್ರಾನ್ಸ್ವಾ ಕ್ಸಾವಿಯೇ ದಾಂತ್ರಕೋಲ್, ಅಲ್ಲಿನ ಕೆಲಸವನ್ನು 1712 ಮತ್ತು 1722ರ ಪತ್ರಗಳಲ್ಲಿ ವಿವರವಾಗಿ ಬರೆದರು. ಪಿಂಗಾಣಿ ಕೆಲಸದಲ್ಲಿದ್ದ ಕ್ರೈಸ್ತ ವಿಶ್ವಾಸಿಗಳಿಂದಲೂ ಅವರು ವಿಷಯ ಸಂಗ್ರಹಿಸಿದ್ದರು. ಇದನ್ನು ಗೂಢಚರ್ಯೆ ಎನ್ನುವವರೂ ಇದ್ದಾರೆ. ಆ ಆಕ್ಷೇಪವನ್ನು ನಾವು ತಳ್ಳಿಹಾಕಬೇಕಾಗಿಲ್ಲ. ಆದರೆ ಒಂದೇ ಅರಿವಿಗಾಗಿ ಒಂದೆಡೆ ಮನುಷ್ಯನನ್ನು ಕೋಟೆಯಲ್ಲಿ ಕೂಡಿಹಾಕಿದರೆ, ಇನ್ನೊಂದೆಡೆ ಕೆಲಸಗಾರರೊಡನೆ ಕುಳಿತು ಕೇಳಿ ತಿಳಿದದ್ದನ್ನು ಕಾಗದಕ್ಕೆ ಇಳಿಸಲಾಯಿತು ಎಂಬುದನ್ನು ಮರೆಯಲಾಗದು.

ಈಗ ಗುಡ್ಡವಿಳಿದು ಟ್ರೀಬಿಶ್ ಹೊಳೆಯ ಕಣಿವೆಗೆ ಬನ್ನಿ. 1860ರ ದಶಕದಲ್ಲಿ ಕಾರ್ಖಾನೆ ಕೋಟೆಯನ್ನು ಬಿಟ್ಟು ಇಲ್ಲಿಗೆ ಬಂತು. 1991ರಿಂದ ಇದು ಸ್ಯಾಕ್ಸನಿ ರಾಜ್ಯದ ಒಡೆತನದಲ್ಲಿದೆ. ಹಿಂದೆ ಕಾವಲುಗಾರರಿದ್ದ ಉದ್ಯಮ ಇಂದು ಸಂದರ್ಶಕರಿಗಾಗಿ ಪ್ರದರ್ಶನ ಕಾರ್ಯಾಗಾರವನ್ನೇ ತೆರೆದಿಟ್ಟಿದೆ. ಕುಶಲಕರ್ಮಿಗಳು ನಿಮ್ಮ ಕಣ್ಣೆದುರೇ ತಿಗರಿ ತಿರುಗಿಸುತ್ತಾರೆ, ಅಚ್ಚು ತೆಗೆಯುತ್ತಾರೆ, ಬಣ್ಣ ಬರೆಯುತ್ತಾರೆ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಕೆಯೊಲಿನ್ ಎಂಬ ಬಿಳಿ ಜೇಡಿ, ಫೆಲ್ಡ್‌ಸ್ಪಾರ್ ಮತ್ತು ಸ್ಫಟಿಕಶಿಲೆಯ ಪುಡಿ ಇವುಗಳ ಮಿಶ್ರಣವೇ ಪಿಂಗಾಣಿ ಮಣ್ಣು. ಸಮೀಪದ ಸೈಲಿಟ್ಸ್ ಎಂಬ ಹಳ್ಳಿಯಿಂದ 1764ರಿಂದಲೂ ಕೆಯೊಲಿನ್ ಬರುತ್ತಿದೆ. ಒಂದು ಪ್ರತಿಮೆಯನ್ನು ಒಂದೇ ಅಚ್ಚಿನಲ್ಲಿ ತೆಗೆಯುವುದಿಲ್ಲ. ತಲೆ, ತೋಳು, ಬೆರಳು, ಹೂವಿನ ಎಸಳುಗಳನ್ನು ಬೇರೆ ಬೇರೆಯಾಗಿ ಮಾಡಿ, ಅದೇ ಮಣ್ಣಿನ ತೆಳುರಾಡಿಯನ್ನು ಅಂಟಾಗಿ ಬಳಸಿ ಕೂಡಿಸುತ್ತಾರೆ. ಕುಲುಮೆಯಲ್ಲಿ ವಸ್ತು ಸುಮಾರು ಆರನೆಯ ಒಂದರಷ್ಟು ಕುಗ್ಗುತ್ತದೆ. ಆಗ ಚಾಚಿದ ಕೈಯೊಂದು ಬಾಗದಿರಲು ಕೊಡುವ ಆಸರೆಯ ತುಂಡೂ ಅದೇ ಮಣ್ಣಿನದಾಗಿರಬೇಕು. ಆಸರೆಯೂ ಜೊತೆಯಲ್ಲೇ ಕುಗ್ಗಿದರೆ ಮಾತ್ರ ಅದು ಆಸರೆ. ಮೊದಲ ಸುಡುವಿಕೆಯ ಬಳಿಕ ಕೋಬಾಲ್ಟ್‌ನ ನೀಲಿಯನ್ನು ಬರೆಯುವಾಗ ಹೀರುಗುಣದ ಮೈ ಬಣ್ಣವನ್ನು ತಟ್ಟನೆ ಒಳಗೆಳೆದುಕೊಳ್ಳುತ್ತದೆ. ತಪ್ಪಾದರೆ ಅಳಿಸಲಾಗದು. ಆ ಮೇಲೆ ಮೆರುಗು ಹಚ್ಚಿ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಮತ್ತೆ ಸುಡುತ್ತಾರೆ. 1722ರಿಂದ ಬಳಕೆಗೆ ಬಂದ ಅಡ್ಡಲಾಗಿ ದಾಟಿದ ಎರಡು ನೀಲಿ ಕತ್ತಿಗಳ ಗುರುತನ್ನು ಇಂದಿಗೂ ಕುಂಚದಿಂದ ಕೈಯಲ್ಲೇ ಬರೆಯುತ್ತಾರೆ.

ಕುಂಬಾರನ ಮನೆಗೆ ಹೋಗಿ ನೋಡೆಂದು ದೇವರು ಪ್ರವಾದಿ ಯೆರೆಮೀಯನಿಗೆ ಹೇಳಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಕೆಟ್ಟ ಪಾತ್ರೆಯನ್ನು ಕುಂಬಾರನು ಎಸೆಯಲಿಲ್ಲ. ಅದೇ ಮಣ್ಣಿನಿಂದ ಇನ್ನೊಂದನ್ನು ಮಾಡಿದ. ಹಸಿಮಣ್ಣಿನ ಮುಂದೆ ನಿಂತಾಗ ಆ ಅಧ್ಯಾಯ ಬೇರೆಯೇ ಅರ್ಥ ಕೊಡುತ್ತದೆ.

ಕಾರ್ಯಾಗಾರದ ಜೊತೆಗೇ ವಸ್ತುಸಂಗ್ರಹಾಲಯವಿದೆ. ಅದರ ಪ್ರದರ್ಶನ ಭವನ 1916ರಲ್ಲಿ ತೆರೆಯಿತು. ಬ್ಯೋಟ್ಗರನ ಕೆಂಪು ಪಾತ್ರೆಗಳಿಂದ ಹಿಡಿದು ನಮ್ಮ ಕಾಲದವರೆಗಿನ ಕೃತಿಗಳು ಇಲ್ಲಿವೆ. ಪಿಂಗಾಣಿಯ ಕೊಳವೆಗಳುಳ್ಳ ಒಂದು ಆರ್ಗನ್ ವಾದ್ಯವೂ ಇದೆ. ಈ ಕಾರ್ಖಾನೆಯ ಅತ್ಯಂತ ಹೆಸರಾಂತ ಶಿಲ್ಪಿ ಯೋಹಾನ್ ಯೋಆಖಿಮ್ ಕೆಂಡ್ಲರ್. ಲೂಥರನ್ ಸಭಾಪಾಲಕರ ಮಗನಾದ ಇವನು 1731ರಿಂದ 1775ರಲ್ಲಿ ಸಾಯುವವರೆಗೂ ಇಲ್ಲಿ ದುಡಿದ. ರಾಜಭೋಜನದ ಹಂಸಗಳನ್ನು ಮಾಡಿದ ಕೈಯೇ ಪ್ರೇಷಿತರನ್ನೂ ಶಿಲುಬೆಯ ದೃಶ್ಯವನ್ನೂ ರೂಪಿಸಿತು. ನಮಗೆ ಹತ್ತಿರವಾದ ಅವನ ಕೃತಿಯೊಂದಿದೆ: 1738–40ರ ಸುಮಾರಿಗೆ ಮಾಡಿದ ‘ಸಂತ ಫ್ರಾನ್ಸಿಸ್ ಕ್ಸೇವಿಯರರ ಮರಣ’. ಗೋವೆಯಿಂದ ಪೂರ್ವಕ್ಕೆ ಹೊರಟ ಆ ಮಹಾಸಂತರು 1552ರಲ್ಲಿ ಚೀನಾದ ಕರಾವಳಿಯ ದ್ವೀಪದಲ್ಲಿ ಪ್ರಾಣಬಿಟ್ಟರು. ಒಳನಾಡಿಗೆ ಕಾಲಿಡುವ ಆಸೆ ಈಡೇರಲಿಲ್ಲ. ಅವರ ಪಾರ್ಥಿವ ಶರೀರ ಇಂದು ಗೋವೆಯಲ್ಲಿದೆ. ಚೀನಾದ ಹೊಸ್ತಿಲಲ್ಲಿ ಮಡಿದ ಸಂತರನ್ನು, ಚೀನಾದಿಂದಲೇ ಬಂದ ಕಲೆಯಲ್ಲಿ, ಒಬ್ಬ ಲೂಥರನ್ ಪಾಲಕರ ಮಗ ನೆನೆದ.

ಆದರೆ ವಾಚಕರೇ, ಈ ಸೌಂದರ್ಯದ ನಡುವೆ ಒಂದು ಲೆಕ್ಕವನ್ನು ನಾವು ಮರೆಯಬಾರದು. 1717ರಲ್ಲಿ ಬಲಾಢ್ಯ ಆಗಸ್ಟಸ್ ಪ್ರಷ್ಯದ ಅರಸ ಫ್ರೀಡ್ರಿಶ್ ವಿಲ್ಹೆಲ್ಮನೊಡನೆ ಒಂದು ವಿನಿಮಯ ಮಾಡಿಕೊಂಡ. ಇವನಿಗೆ ಪಿಂಗಾಣಿಯ ಹುಚ್ಚು, ಅವನಿಗೆ ಸೈನ್ಯದ ಹುಚ್ಚು. ಸ್ಯಾಕ್ಸನಿಯ 600 ಸೈನಿಕರು ಪ್ರಷ್ಯಕ್ಕೆ ಹೋದರು. ಚೀನಾದ 151 ಪಿಂಗಾಣಿ ಪಾತ್ರೆಗಳು ಡ್ರೆಸ್ಡೆನ್ನಿಗೆ ಬಂದವು. ಒಂದು ಪಾತ್ರೆಗೆ ಸುಮಾರು ನಾಲ್ವರು ಮನುಷ್ಯರು! ಅವುಗಳ ಪೈಕಿ ಎತ್ತರದ ನೀಲಿ ಹೂದಾನಿಗಳಿಗೆ ಆ ಸೈನಿಕರ ನೆನಪಿನಲ್ಲಿ ‘ಡ್ರಗೂನ್ ಹೂದಾನಿ’ ಎಂದೇ ಹೆಸರು. ಡ್ರೆಸ್ಡೆನ್ನಿನ ಸಂಗ್ರಹಾಲಯದಲ್ಲಿ ಅವು ಇಂದಿಗೂ ಇವೆ. ಹೂದಾನಿಗಳನ್ನು ಜೋಪಾನವಾಗಿ ಕಾಯ್ದ ಇತಿಹಾಸ ಆ ಆರುನೂರು ಮಂದಿಯ ತಾಯಂದಿರು ಏನೆಂದರೆಂದು ಬರೆದಿಡಲಿಲ್ಲ.

ಆದ್ದರಿಂದ ಮೈಸೆನ್ ಬಿಡುವ ಮುನ್ನ ಇನ್ನೆರಡು ಕಡೆ ಹೋಗಬೇಕು. ಮಾರುಕಟ್ಟೆಯ ಬಳಿಯ ಫ್ರೌಎನ್‌ಕಿರ್ಖೆ, ಅಂದರೆ ಮಾತೆ ಮರಿಯಮ್ಮನವರ ಹೆಸರಿನ ದೇವಾಲಯದ ಗೋಪುರದಲ್ಲಿ, ಪಟ್ಟಣದ ಸಾವಿರ ವರ್ಷಗಳ ಹಬ್ಬಕ್ಕೆಂದು 1929ರಲ್ಲಿ ಕಟ್ಟಿದ 37 ಪಿಂಗಾಣಿ ಗಂಟೆಗಳಿವೆ. ಅವು ದಿನಕ್ಕೆ ಹಲವು ಬಾರಿ ರಾಗಬದ್ಧವಾಗಿ ನುಡಿಯುತ್ತವೆ. ಅವುಗಳನ್ನು ರೂಪಿಸಿದ ಎಮಿಲ್ ಪೌಲ್ ಬ್ಯೋರ್ನರನೇ 1920ರ ದಶಕದಲ್ಲಿ ಸಂತ ನಿಕೊಲಾಸರ ಪುಟ್ಟ ಹಳೆಯ ದೇವಾಲಯವನ್ನು ಮೊದಲ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕವನ್ನಾಗಿ ಮಾಡಿದ. ಒಳಗೆ ಎರಡೂವರೆ ಮೀಟರ್ ಎತ್ತರದ ಪಿಂಗಾಣಿ ಪ್ರತಿಮೆಗಳಿವೆ. ದುಃಖದಲ್ಲಿ ಮುಳುಗಿದ ತಾಯಂದಿರು, ಮಕ್ಕಳು. ಗೋಡೆಯ ಪಿಂಗಾಣಿ ಫಲಕಗಳ ಮೇಲೆ ಮಡಿದ ಮೈಸೆನ್ನಿಗರ ಹೆಸರುಗಳಿವೆ, ಸಾವಿರಕ್ಕೂ ಹೆಚ್ಚು.

ಪಾತ್ರೆಗಾಗಿ ಸೈನಿಕರನ್ನು ಕೊಟ್ಟ ನಾಡಿನಲ್ಲಿ, ಇನ್ನೂರು ವರ್ಷಗಳ ತರುವಾಯ, ಅದೇ ಬಗೆಯ ಮಣ್ಣು ಸೈನಿಕರ ಹೆಸರುಗಳನ್ನು ಎದೆಗವಚಿಕೊಂಡು ನಿಂತಿದೆ. ಸಾಲ ತೀರಿತೆನ್ನಲಾಗದು. ಆದರೆ ಲೆಕ್ಕದಲ್ಲಿ ಬರಿಯ ಸಂಖ್ಯೆಯಾಗಿದ್ದವರಂಥವರಿಗೆ ಇಲ್ಲಿ ಒಬ್ಬೊಬ್ಬರಿಗೂ ಹೆಸರಿದೆ. ಸಂತ ಮತ್ತಾಯರ ಶುಭಸಂದೇಶದಲ್ಲಿಯೂ ಮನುಷ್ಯನಿಗೆ ಬೆಲೆ ಕಟ್ಟಿದ ಹಣ ಕೊನೆಗೆ ಸೇರಿದ್ದು ಕುಂಬಾರನ ಹೊಲಕ್ಕೆ. ಅದು ಪರದೇಶಿಗಳನ್ನು ಹೂಳುವ ಜಾಗವಾಯಿತು. ಬೆಳ್ಳಿಯ ಮೂವತ್ತು ನಾಣ್ಯಗಳಿಗೆ ಮಾರಲ್ಪಟ್ಟ ಪ್ರಭುವಿಗೆ, ಸರಕಿನಂತೆ ಕೈಬದಲಾದ ಪ್ರತಿಯೊಬ್ಬನ ಹೆಸರೂ ತಿಳಿದಿದೆ.

ನಿಧಿಯು ಮಣ್ಣಿನ ಪಾತ್ರೆಗಳಲ್ಲಿದೆ ಎಂಬುದು ಸಂತ ಪೌಲರ ಉಪಮೆ. ಆ ಪಾತ್ರೆ ಮನುಷ್ಯನೇ. ಮುಂದಿನ ಸಲ ಪಿಂಗಾಣಿ ಬಟ್ಟಲನ್ನು ಕೈಗೆತ್ತಿಕೊಂಡಾಗ ಅದರ ಅಂದವನ್ನು ಮೆಚ್ಚಿರಿ, ಮೆಚ್ಚುವುದು ತಪ್ಪಲ್ಲ. ಜೊತೆಗೆ, ಅದನ್ನು ತೊಳೆದು ಒರೆಸಿ ನಿಮ್ಮ ಮುಂದಿಟ್ಟವರ ಮುಖವನ್ನೂ ಒಮ್ಮೆ ನೋಡಿರಿ. ಕೈತಪ್ಪಿ ಬಟ್ಟಲು ಒಡೆದ ದಿನ ಬಾಯಿಂದ ಬರುವ ಮೊದಲ ಮಾತು ಬಟ್ಟಲಿನ ಬಗೆಗೋ, ಕೈಗೆ ಗಾಯವಾಯಿತೇ ಎಂದೋ? ಯಾವುದಕ್ಕೆ ನಾವು ಹೆಚ್ಚು ಬೆಲೆ ಕಟ್ಟಿದ್ದೇವೆಂಬುದು ಆ ಕ್ಷಣದಲ್ಲಿ ನಮಗೇ ತಿಳಿದುಬಿಡುತ್ತದೆ.