ಸಿ.ಟಿ. ಚಿತ್ರದ ಮಸುಕು ಮತ್ತು ಬೆಂಗಳೂರಿನ ಗಣಿತ

ಕಾರವಾರದ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ. ಅಲ್ಲಿ ಉಡುಪಿ, ಮಂಗಳೂರಿನ ಕಡೆಗೆ ಚಿಕಿತ್ಸೆಗೆಂದು ಹೊರಟವರ ಕೈಯಲ್ಲಿ ಸಿ.ಟಿ. ಸ್ಕ್ಯಾನಿನ ಫಿಲ್ಮುಗಳ ದೊಡ್ಡ ಲಕೋಟೆಯನ್ನು ನೀವು ನೋಡಿರಬಹುದು. ಆ ಚಿತ್ರಗಳು ಸ್ಪಷ್ಟವಾಗಿ ಮೂಡುವ ಕತೆಯಲ್ಲಿ ಬೆಂಗಳೂರಿಗೂ ಪಾಲಿದೆ.

ಸಿ.ಟಿ. ಯಂತ್ರವು ಕ್ಷ-ಕಿರಣಗಳನ್ನು ಹಲವು ಕೋನಗಳಿಂದ ಹಾಯಿಸಿ, ದಾರಿಯಲ್ಲಿ ಅವು ಎಷ್ಟು ಹೀರಲ್ಪಟ್ಟವೆಂದು ಅಳೆಯುತ್ತದೆ, ಅಷ್ಟೆ. ಪ್ರತಿ ಅಳತೆಯನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಎಲ್ಲವನ್ನೂ ಕೂಡಿಸಿದರೆ ಚಿತ್ರವೇನೋ ಸಿಗುತ್ತದೆ. ಆದರೆ ಪ್ರತಿ ಚುಕ್ಕೆಯ ಸುತ್ತಲೂ ಮಸುಕು. ಅದನ್ನು ಕಳೆಯಲು ಫೂರಿಯೇ ಪರಿವರ್ತನೆ ಒಂದು ದಾರಿ. ಅಂದಿನ ಗಣಕಗಳಿಗೆ ಅದು ಹೊರೆಯಾಗಿತ್ತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದ ಜಿ. ಎನ್. ರಾಮಚಂದ್ರನ್ ಅವರನ್ನು ಕೊಲ್ಲಾಜೆನ್ ಪ್ರೋಟೀನಿನ ರಚನೆಗಾಗಿ ನಾವು ನೆನೆಯುತ್ತೇವೆ. ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ 1971ರಲ್ಲಿ ಪ್ರಕಟಿಸಿದ ಲೇಖನ ಈ ಹೊರೆಯನ್ನು ಇಳಿಸಿತು. ಹಿಂದಕ್ಕೆ ಹರಡುವ ಮೊದಲೇ ಪ್ರತಿ ಅಳತೆಯನ್ನು ಅದರ ನೆರೆಯವುಗಳಿಂದ ತಿದ್ದಬೇಕು. ಅಳತೆಯನ್ನು 1ರಿಂದ ಗುಣಿಸಿ. ಎರಡೂ ಪಕ್ಕದ ಮೊದಲನೆಯವನ್ನು −0.405ರಿಂದ, ಮೂರನೆಯವನ್ನು −0.045ರಿಂದ, ಐದನೆಯವನ್ನು −0.016ರಿಂದ, ಹೀಗೆ ಗುಣಿಸುತ್ತ ಎಲ್ಲವನ್ನೂ ಕೂಡಿಸಿ. ಎರಡು, ನಾಲ್ಕು ಮೊದಲಾದ ಸಮ ಸ್ಥಾನಗಳಿಗೆ ಸೊನ್ನೆ! ಎಲ್ಲ ಗುಣಕಗಳ ಮೊತ್ತವೂ ಸೊನ್ನೆಯೇ. 1 + 1/9 + 1/25 + ... ಎಂಬ ಶ್ರೇಣಿಯ ಮೊತ್ತ ಪೈ ವರ್ಗದ ಎಂಟನೇ ಒಂದು ಭಾಗವೆಂದು ಬಲ್ಲ ವಿದ್ಯಾರ್ಥಿಗಳಿಂದ ಇದನ್ನು ಕರಿಹಲಗೆಯ ಮೇಲೆ ಸಾಧಿಸಿಸಬಹುದು. ನನಗಂತೂ ಇದು ಅಚ್ಚುಮೆಚ್ಚಿನ ಲೆಕ್ಕ.

ರೇಡಿಯೋ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥದೇ ವಿಧಾನವನ್ನು ಕಂಡುಕೊಂಡಿದ್ದರೆಂಬುದನ್ನೂ ಹೇಳಬೇಕು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಸ್ಕ್ಯಾನ್ ಮಾಡಿದ ಹೌನ್ಸ್‌ಫೀಲ್ಡ್ ಅವರ ಯಂತ್ರ ಬೇರೆಯೇ ಲೆಕ್ಕವನ್ನು ಬಳಸಿತ್ತು. ಆದರೂ ‘ರಾಮ್-ಲಾಕ್’ ಫಿಲ್ಟರ್ ಎಂಬ ಹೆಸರು ಪಠ್ಯಗಳಲ್ಲಿ ಉಳಿಯಿತು.

ಈ ಫಿಲ್ಟರು ಅಂಚನ್ನು ಹರಿತಗೊಳಿಸುವಾಗ ಗೊಜಲನ್ನೂ ಹಿಗ್ಗಿಸುತ್ತದೆ. ಶೆಪ್ ಮತ್ತು ಲೋಗನ್ 1974ರಲ್ಲಿ ಅದನ್ನು ತುಸು ಮೃದುಗೊಳಿಸಿದರು. ಇಂದಿಗೂ ಒಂದೇ ಸ್ಕ್ಯಾನಿನಿಂದ ಮೂಳೆಗೆ ಹರಿತವಾದ, ಮೃದು ಅಂಗಾಂಶಕ್ಕೆ ನಯವಾದ ಚಿತ್ರಗಳನ್ನು ಬೇರೆಬೇರೆಯಾಗಿ ತೆಗೆಯುತ್ತಾರೆ. ನಯಗೊಳಿಸಿದರೆ ಮೂಳೆಯ ಕೂದಲೆಳೆಯ ಬಿರುಕು ಮಾಯವಾಗಬಹುದು. ಹರಿತಗೊಳಿಸಿದರೆ ಯಕೃತ್ತಿನ ಮಂಕಾದ ಗಂಟು ಗೊಜಲಿನಲ್ಲಿ ಮುಳುಗಬಹುದು. ಲಕೋಟೆಯ ಫಿಲ್ಮಿನಲ್ಲಿ ಈ ಆಯ್ಕೆ ಆಗಿಹೋಗಿರುತ್ತದೆ. ಮೂಲ ಅಳತೆಗಳು ಯಂತ್ರದಲ್ಲಿ ಇನ್ನೂ ಉಳಿದಿದ್ದರೆ ಮಾತ್ರ ಬೇರೆ ಫಿಲ್ಟರಿನಿಂದ ಹೊಸ ಚಿತ್ರ ತೆಗೆಯಲು ಸಾಧ್ಯ.