ಸೀಸದ ಗುರುತು

ಮೂಗೂರಿರುವ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲೇ ಸೋಸಲೆಯೂ ಇದೆ. 1799ರ ಮಾರ್ಚಿ ಕೊನೆಯಲ್ಲಿ, ಮಳವಳ್ಳಿಯ ಕಾಳಗ ಮುಗಿಸಿದ ಜನರಲ್ ಹ್ಯಾರಿಸನ ದಂಡು ಕಾವೇರಿಯನ್ನು ದಾಟಿದ್ದು ಅಲ್ಲಿಯೇ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ಕಾಲದ ಬಂದೂಕಿಗೆ ಬೇಕಾದದ್ದು ಸೀಸದ ಗುಂಡು. 327 ಡಿಗ್ರಿ ಸೆಂಟಿಗ್ರೇಡಿಗೇ ಕರಗುವ ಸೀಸವನ್ನು ಸೌದೆಯ ಬೆಂಕಿಯಲ್ಲಿ ಕಾಯಿಸಿ ಅಚ್ಚಿಗೆ ಹೊಯ್ಯಬಹುದಾಗಿತ್ತು.

ಗುಜರಿಯ ಲೋಹ ಸೀಸವೇ ಎಂದು ತಿಳಿಯುವುದೆಂತು? ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಕಾಗದಕ್ಕೆ ಉಜ್ಜಿದರೆ ಬೂದುಬಣ್ಣ ಹತ್ತುತ್ತದೆ. ಭಾರವೋ, ನೀರಿನ 11 ಪಟ್ಟಿಗೂ ಹೆಚ್ಚು. ತವರವಾದರೆ ಬಗ್ಗಿಸಿದಾಗ ಕಿರುಗುಟ್ಟುತ್ತದೆ. ಮುದ್ರಣಾಲಯದ ಅಚ್ಚುಮೊಳೆಯಲ್ಲಿ ಸೀಸದೊಡನೆ ಆಂಟಿಮನಿ ಬೆರೆತಿರುವುದರಿಂದ ಅದು ಗಡಸು. ಸುತ್ತಿಗೆಯ ಪೆಟ್ಟಿಗೆ ಒಡೆಯುತ್ತದೆ.

ಆದರೆ ಲೋಹವನ್ನು ಗುರುತಿಸಿದ ಮಾತ್ರಕ್ಕೆ ವಸ್ತುವನ್ನು ಗುರುತಿಸಿದಂತಾಗಲಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಶಾತವಾಹನರ ಕಾಲದ ನಾಣ್ಯಗಳಲ್ಲಿ ಸೀಸದವೂ ಇವೆ. ಮಣ್ಣು ಮೆತ್ತಿದಾಗ ಅಂಥ ನಾಣ್ಯ ಗುಜರಿಯ ಚೂರಿನಂತೆಯೇ ಕಂಡೀತು. ಕುಲುಮೆಗೆ ಬಿದ್ದರೆ ಒಬ್ಬ ದೊರೆಯ ಹೆಸರೇ ಗಳಿಗೆಯಲ್ಲಿ ಅಳಿದೀತು. ಮೇಲಾಗಿ ಸೀಸದ ಹೊಗೆ, ಧೂಳು ಎರಡೂ ವಿಷ.

ಆದುದರಿಂದ, ವಾಚಕರೇ, ಉಳುವ ಹೊಲದಲ್ಲಿ ಭಾರವಾದ ಬೂದು ಬಿಲ್ಲೆಯೊಂದು ಸಿಕ್ಕರೆ ಉಗುರು ತಾಕಿಸುವ ಮುನ್ನ ಕಣ್ಣಿಟ್ಟು ನೋಡಿ. ಅಕ್ಷರವೋ ಚಿಹ್ನೆಯೋ ಕಂಡರೆ ಉಜ್ಜಬೇಡಿ, ಕರಗಿಸಬೇಡಿ. ಪುರಾತತ್ತ್ವ ಇಲಾಖೆಗೆ ತೋರಿಸಿ.