ಅರ್ಚಕ ಮನೆಯಿಂದ ತಂದ ಹೆಬ್ಬಾತು

ಕ್ರಿ.ಶ. 362ರ ಬೇಸಿಗೆ. ರೋಮನ್ ಸಾಮ್ರಾಟ ಜೂಲಿಯನ್ ಅಂತಿಯೋಕ್ ನಗರದ ಹೊರವಲಯದ ದಾಫ್ನೆ ಎಂಬ ತೋಪಿಗೆ ಧಾವಿಸಿ ಬಂದ. ಅಂದು ಅಲ್ಲಿ ಅಪೋಲೊ ದೇವರ ವಾರ್ಷಿಕ ಹಬ್ಬ. ಬಲಿಪಶುಗಳು, ಧೂಪ, ಬಿಳಿಯುಟ್ಟು ಸಾಲುಗಟ್ಟಿದ ಹುಡುಗರು, ಹೀಗೆ ಮೆರವಣಿಗೆಯನ್ನೆಲ್ಲ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದ. ಗುಡಿಯೊಳಗೆ ನೋಡಿದರೆ ಒಂದು ಚಿಟಿಕೆ ಧೂಪವಿಲ್ಲ, ಒಂದು ಪಶುವಿಲ್ಲ. ಪ್ರಧಾನ ಪುರೋಹಿತನಾದ ತನ್ನ ಅಪ್ಪಣೆಗಾಗಿ ಎಲ್ಲರೂ ಹೊರಗೆ ಕಾಯುತ್ತಿರಬೇಕು ಎಂದುಕೊಂಡ. ಕೊನೆಗೆ ಅರ್ಚಕನನ್ನು ಕೇಳಿದಾಗ ತಿಳಿಯಿತು: ಊರಿನವರು ಏನನ್ನೂ ಸಿದ್ಧಮಾಡಿರಲಿಲ್ಲ, ಆತನೇ ತನ್ನ ಮನೆಯಿಂದ ಒಂದು ಹೆಬ್ಬಾತು ತಂದಿದ್ದ.

ಈ ಮುಖಭಂಗವನ್ನು ನಮಗೆ ಹೇಳಿರುವವನು ಜೂಲಿಯನ್ನನೇ. ತನ್ನ ಗಡ್ಡವನ್ನು ಗೇಲಿಮಾಡಿದ ಅಂತಿಯೋಕಿನ ಜನರ ಮೇಲೆ ಸಿಟ್ಟಾಗಿ ಬರೆದ ‘ಮಿಸೊಪೋಗೋನ್’ ಎಂಬ ವಿಡಂಬನೆಯಲ್ಲಿ ಇದು ಬರುತ್ತದೆ. ಅವನು ಕ್ರೈಸ್ತನಾಗಿ ಬೆಳೆದವನು. ಹಳೆಯ ದೇವರುಗಳು ಅವನಿಗೆ ಪರಿಚಯವಾದದ್ದು ಅಜ್ಜಿಯ ಮನೆಯ ಹಬ್ಬದಲ್ಲಲ್ಲ, ಮಾರ್ಡೋನಿಯಸ್ ಎಂಬ ಗುರು ಓದಿಸಿದ ಹೋಮರನ ಕಾವ್ಯದಲ್ಲಿ, ಆಮೇಲೆ ನವಪ್ಲೇಟೋವಾದಿಗಳ ಪಾಠದಲ್ಲಿ. ಅವನ ಕಣ್ಣಿಗೆ ಕಟ್ಟಿದ್ದ ಹಬ್ಬವೂ ಓದಿನಿಂದ ಬಂದ ಹಬ್ಬವೇ. ಗ್ರೀಕ್–ರೋಮನ್ ಧರ್ಮವನ್ನು ಮತ್ತೆ ಬದುಕಿಸಲು ಹೊರಟವರ ಚರಿತ್ರೆಯನ್ನು ಜೂಲಿಯನ್ನನಿಂದಲೇ ಶುರುಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ಅವನಿಂದ ಇಂದಿನ ಅಥೆನ್ಸಿನವರೆಗೆ ಈ ದಾರಿ ಹಿಡಿದವರಿಗೆಲ್ಲ ಪುಸ್ತಕವೇ ಊರುಗೋಲು. ಆ ಧರ್ಮವೋ, ಪುಸ್ತಕದ ಮೇಲೆ ನಿಂತದ್ದೇ ಅಲ್ಲ.

ಹಾಗಾದರೆ ಅದು ನಿಂತಿದ್ದು ಯಾವುದರ ಮೇಲೆ? ಒಳ್ಳೆಯ ಉತ್ತರ ಅದನ್ನು ನಿಷೇಧಿಸಿದ ಕಾನೂನಿನಲ್ಲೇ ಇದೆ. 392ರ ನವೆಂಬರ್ 8ರಂದು ಹೊರಟ ಥಿಯೊಡೋಸಿಯಸ್ ದೊರೆಯ ಶಾಸನ ಪಶುಬಲಿಯನ್ನು ನಿಷೇಧಿಸಿ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಮನೆಯೊಳಗೆ ಲಾರ್ ದೇವತೆಗೆ ಬೆಂಕಿ, ಗೇನಿಯಸ್ ದೈವಕ್ಕೆ ಮದ್ಯ, ಪೆನಾಟೆಸ್ ದೇವತೆಗಳಿಗೆ ಸುಗಂಧ ಅರ್ಪಿಸಕೂಡದು; ದೀಪ ಹಚ್ಚಕೂಡದು, ಧೂಪ ಹಾಕಕೂಡದು, ಹೂಮಾಲೆ ತೂಗುಹಾಕಕೂಡದು; ಮರಕ್ಕೆ ಪಟ್ಟಿ ಕಟ್ಟಿದರೂ ತಪ್ಪು. ಧೂಪದ ಹೊಗೆ ಎದ್ದ ಮನೆಯನ್ನೇ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿತ್ತು. ಗುಡಿಗೆ ಬೀಗ ಹಾಕಿದರೆ ಸಾಲದು, ಬೇರು ಒಲೆಯ ಹತ್ತಿರ ಇದೆ ಎಂಬುದು ಈ ಕರಡು ಬರೆದ ಅಧಿಕಾರಿಗೆ ಚೆನ್ನಾಗಿ ಗೊತ್ತಿತ್ತು.

ಆ ಒಲೆಯನ್ನು ಇನ್ನೂ ಹತ್ತಿರದಿಂದ ನೋಡಬೇಕಾದರೆ ಕೇಟೋನ ಕೃಷಿಗ್ರಂಥಕ್ಕೆ ಹೋಗಬೇಕು. ಕ್ರಿ.ಪೂ. 160ರ ಆಸುಪಾಸಿನ ಈ ಪುಸ್ತಕದಲ್ಲಿ ತೋಟದ ಮೇಲ್ವಿಚಾರಕನ ಹೆಂಡತಿಯ ಕೆಲಸಗಳ ಪಟ್ಟಿಯಿದೆ. ರಾತ್ರಿ ಮಲಗುವ ಮೊದಲು ಅವಳು ಒಲೆಯ ಸುತ್ತ ಗುಡಿಸಿ ಚೊಕ್ಕಟ ಮಾಡಬೇಕು. ತಿಂಗಳ ಮೊದಲ ದಿನ, ಪ್ರತಿ ತಿಂಗಳ ಗೊತ್ತುದಿನಗಳಾದ ನೋನೆಸ್, ಇಡೆಸ್ ಮತ್ತು ಹಬ್ಬದ ದಿನಗಳಲ್ಲಿ ಒಲೆಗೆ ಮಾಲೆ ಹಾಕಬೇಕು, ಶಕ್ತ್ಯನುಸಾರ ಮನೆದೇವರಿಗೆ ಬೇಡಿಕೊಳ್ಳಬೇಕು. ಒಲೆ ಸಾರಿಸಿ ರಂಗೋಲಿ ಎಳೆಯುವುದನ್ನು ಕಂಡವರಿಗೆ ಇದು ಎಲ್ಲೋ ನೋಡಿದ್ದೇ ಅನ್ನಿಸೀತು. ಹೋಲಿಕೆ ತೋರಿಸಿ ನಂಟಸ್ತನ ಬೆಳೆಸುವ ಚಪಲ ನನಗಿಲ್ಲ. ಆದರೆ ರೂಢಿಯೆಂಬುದು ಬರಹವಿಲ್ಲದೆ ಅತ್ತೆಯಿಂದ ಸೊಸೆಗೆ ಹೇಗೆ ದಾಟುತ್ತದೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೋಮಿನಲ್ಲಿ ಕಡಿದುಹೋದದ್ದು ಆ ಎಳೆ.

ಎಳೆ ಕಡಿದ ಮೇಲೆ ಉಳಿದದ್ದು ಬರಹ. ಅದೂ ಯಾರ ಕೈಯಲ್ಲಿ? ವಾರೋ ಎಂಬ ಮಹಾಪಂಡಿತ ರೋಮಿನ ಪ್ರಾಚೀನ ಆಚಾರಗಳ ಬಗ್ಗೆ 41 ಸಂಪುಟ ಬರೆದಿದ್ದ. ಅದರಲ್ಲಿ 16 ದೇವರ ವಿಷಯಕ್ಕೇ ಮೀಸಲು. ಮೂಲ ಕಳೆದುಹೋಗಿದೆ. ಇವತ್ತು ಆ 16 ಸಂಪುಟಗಳ ಬಗ್ಗೆ ನಮಗೆ ಗೊತ್ತಿರುವುದರ ದೊಡ್ಡ ಪಾಲು ಸಂತ ಅಗಸ್ಟೀನನ ‘ದೇವರ ನಗರ’ದಿಂದ ಬಂದದ್ದು. ಅಗಸ್ಟೀನ್ ವಾರೋನನ್ನು ಉದ್ಧರಿಸಿದ್ದು ಖಂಡಿಸುವುದಕ್ಕೆ. ಎದುರಾಳಿಯ ವಕೀಲ ತನ್ನ ವಾದಕ್ಕೆಂದು ಎತ್ತಿಕೊಂಡ ಸಾಲುಗಳಷ್ಟೇ ಇಂದು ಕಕ್ಷಿದಾರನ ಆಸ್ತಿ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಇಷ್ಟ. ರೋಮನ್ ಬಲಿಯಲ್ಲಿ ಪಶುವಿನ ತಲೆಯ ಮೇಲೆ ಉಪ್ಪು ಬೆರೆಸಿದ ಹಿಟ್ಟು ಉದುರಿಸುತ್ತಿದ್ದರು. ಅದರ ಹೆಸರು ‘ಮೋಲಾ ಸಾಲ್ಸಾ’. ಬಲಿಕೊಡುವುದಕ್ಕೆ ಲ್ಯಾಟಿನ್ನಿನಲ್ಲಿರುವ ಕ್ರಿಯಾಪದವೇ ಈ ‘ಮೋಲಾ’ದಿಂದ ಹುಟ್ಟಿದ್ದು. ಅದನ್ನು ತಯಾರಿಸುತ್ತಿದ್ದವರು ವೆಸ್ಟಾ ದೇವಿಯ ಕನ್ಯಾ ಅರ್ಚಕಿಯರು. ಮೇ 7ರಿಂದ 14ರವರೆಗೆ ದಿನ ಬಿಟ್ಟು ದಿನ ಫಾರ್ ಎಂಬ ಗೋಧಿಯ ತೆನೆ ತಂದು, ತಾವೇ ಹುರಿದು, ಕುಟ್ಟಿ, ಬೀಸಿ ಇಡುತ್ತಿದ್ದರು. ಬೆಳಗಾವಿ–ಧಾರವಾಡದ ಕಡೆ ಜವೆಗೋಧಿ ಅನ್ನುತ್ತಾರಲ್ಲ, ಅದೇ ಜಾತಿಯ ಧಾನ್ಯ. ಉಪ್ಪಿನದು ಇನ್ನೊಂದು ಕಥೆ. ಕಲ್ಲುಪ್ಪನ್ನು ಒರಳಲ್ಲಿ ಕುಟ್ಟಿ, ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಜಿಪ್ಸಮ್ ಮೆತ್ತಿ, ಕುಲುಮೆಯಲ್ಲಿ ಬೇಯಿಸಿ, ಗಟ್ಟಿಯಾದ ಉಂಡೆಯನ್ನು ಕಬ್ಬಿಣದ ಗರಗಸದಿಂದ ಕೊಯ್ಯಬೇಕು. ಅದಕ್ಕೆ ಬೆರೆಸುವ ನೀರು ಹರಿಯುವುದಾದರೂ ಬೇರೆಯದಾದರೂ ಆದೀತು, ಕೊಳವೆಯದು ಮಾತ್ರ ಆಗದು.

ಇಷ್ಟು ನಿಖರವಾದ ವಿವರ ಎಲ್ಲಿಂದ ಬಂತು? ಗೋಧಿಯ ಮಾತು ವರ್ಜಿಲನ ವ್ಯಾಖ್ಯಾನಕಾರ ಸರ್ವಿಯಸ್ಸನ ಹೆಸರಿನಲ್ಲಿ ಬಂದಿರುವ ಟಿಪ್ಪಣಿಯದು. ಉಪ್ಪಿನದು ಒಂದು ನಿಘಂಟಿನದು. ಅಗಸ್ಟಸ್ ಕಾಲದ ವೆರಿಯಸ್ ಫ್ಲಾಕಸ್ ಬರೆದ ನಿಘಂಟನ್ನು ಎರಡನೆಯ ಶತಮಾನದಲ್ಲಿ ಫೆಸ್ಟಸ್ ಸಂಕ್ಷೇಪಿಸಿದ. ಆ ಸಂಕ್ಷೇಪವನ್ನು ಎಂಟನೆಯ ಶತಮಾನದಲ್ಲಿ ಪೌಲ್ ಎಂಬ ಕ್ರೈಸ್ತ ಸನ್ಯಾಸಿ ಮತ್ತೆ ಸಂಕ್ಷೇಪಿಸಿ ಶಾರ್ಲೆಮೇನನಿಗೆ ಕಳಿಸಿದ. ಫೆಸ್ಟಸ್ಸನ ಪಾಠ ಉಳಿಸಿಕೊಂಡಿರುವ ಹನ್ನೊಂದನೆಯ ಶತಮಾನದ ಒಂದೇ ಹಸ್ತಪ್ರತಿ ನೇಪಲ್ಸಿನಲ್ಲಿದೆ. ಅದರಲ್ಲಿ ಮೊದಲರ್ಧ ಇಲ್ಲ, ಉಳಿದರ್ಧದ ಅಂಚುಗಳು ಬೆಂಕಿಗೆ ಸುಟ್ಟಿವೆ.

ಸುಟ್ಟ ಹೊತ್ತಗೆಯ ಮಾತು ಬಂದಾಗ ಗೆಮಿಸ್ಟಸ್ ಪ್ಲೆಥೋನನ್ನು ಬಿಡುವಂತಿಲ್ಲ. ಪೆಲೊಪೊನೀಸಿನ ಮಿಸ್ಟ್ರಾಸ್ ಪಟ್ಟಣದ ಈ ತತ್ತ್ವಜ್ಞಾನಿ 1438–39ರ ಚರ್ಚ್ ಪರಿಷತ್ತಿಗೆ ಬಿಜಾಂಟಿಯಮ್ಮಿನ ಪ್ರತಿನಿಧಿಯಾಗಿ ಇಟಲಿಗೆ ಹೋಗಿ, ಫ್ಲಾರೆನ್ಸಿನವರಿಗೆ ಪ್ಲೇಟೋನ ರುಚಿ ಹತ್ತಿಸಿ ಬಂದ. ಸತ್ತ ಮೇಲೆ ಅವನ ‘ನೋಮೊಯ್’ ಗ್ರಂಥ ಬಯಲಿಗೆ ಬಂತು. ಅದರಲ್ಲಿ ಜ್ಯೂಸ್, ಪೊಸೈಡನ್, ಹೇರಾ, ಅವರಿಗೆ ಸ್ತೋತ್ರಗಳು, ಚಾಂದ್ರಮಾನದ ಹಬ್ಬಗಳ ಪಂಚಾಂಗ! ಹೆಸರು ಹೋಮರನದಾದರೂ ಒಳಗಿನ ತಿರುಳು ಪ್ಲೇಟೋನದು. ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಾಧ್ಯಕ್ಷ ಗೆನಾಡಿಯೋಸ್ 1460ರ ಸುಮಾರಿಗೆ ಅದನ್ನು ಸುಡಿಸಿದ. ಆದರೆ ಸುಟ್ಟದ್ದು ಸರಿಯೆಂದು ತೋರಿಸಲು ಸಾಕ್ಷಿ ಬೇಕಲ್ಲ, ಅದಕ್ಕೆ ಕೆಲವು ಭಾಗಗಳನ್ನು ಉಳಿಸಿಕೊಂಡ. ಪ್ಲೆಥೋನ ಪಂಚಾಂಗ ನಮಗೆ ದಕ್ಕಿದ್ದು ಹಾಗೆ. ಇಲ್ಲೂ ಭಂಡಾರದ ಕೀಲಿಕೈ ವಿರೋಧಿಯ ಸೊಂಟದಲ್ಲೇ.

ಅದೇ ಶತಮಾನದಲ್ಲಿ ಇಟಲಿಯಲ್ಲಿ ಪೊಂಪೋನಿಯೊ ಲೇಟೊ ಎಂಬ ಮೇಷ್ಟರು ಮತ್ತವನ ಗೆಳೆಯರು ಏಪ್ರಿಲ್ 21ನ್ನು ರೋಮ್ ನಗರದ ಹುಟ್ಟುಹಬ್ಬವೆಂದು ಆಚರಿಸುತ್ತಿದ್ದರು. 1468ರಲ್ಲಿ ಪೋಪ್ ಎರಡನೆಯ ಪೌಲ್ ಈ ಗುಂಪಿನ ಮೇಲೆ ಒಳಸಂಚು ಮತ್ತು ಅನ್ಯಧರ್ಮಾಚರಣೆಯ ಆರೋಪ ಹೊರಿಸಿ ಸೆರೆಗೆ ಹಾಕಿಸಿದ. ಪುರಾವೆ ಗಟ್ಟಿಯಾಗಿರಲಿಲ್ಲ, ಬಿಟ್ಟರು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ರೋಮಿನ ನೆಲಮಾಳಿಗೆಯ ಸಮಾಧಿಗಳನ್ನು ಶೋಧಿಸುತ್ತಿದ್ದ ಡಿ ರೊಸ್ಸಿಗೆ ಗೋಡೆಯ ಮೇಲೆ ಅವರ ಗೀಚುಬರಹ ಸಿಕ್ಕಿತು. ಅದರಲ್ಲಿ ಲೇಟೊನಿಗೆ ‘ಪೊಂಟಿಫೆಕ್ಸ್ ಮ್ಯಾಕ್ಸಿಮಸ್’, ಅಂದರೆ ಪ್ರಧಾನ ಪುರೋಹಿತ, ಎಂಬ ಬಿರುದು. ಭಕ್ತಿಯೋ ಪುಂಡಾಟವೋ ಎಂದು ವಿದ್ವಾಂಸರು ಇನ್ನೂ ಕಾದಾಡುತ್ತಾರೆ. ನನಗಂತೂ ಅದು ಮೇಷ್ಟರ ಹಿಂದೆ ಹೋದ ಹುಡುಗರ ಹುಮ್ಮಸ್ಸಿನಂತೆ ಕಾಣುತ್ತದೆ.

ಅದೇ ಏಪ್ರಿಲ್ 21ಕ್ಕೆ ಮುಂದೆ ಕೆಟ್ಟ ಕಾಲವೂ ಬಂತು. ಮುಸೊಲಿನಿ ಮೇ 1ರ ಕಾರ್ಮಿಕ ದಿನವನ್ನು ಕಿತ್ತು ಆ ತಾರೀಖಿಗೆ ಕಟ್ಟಿದ. 1928ರಲ್ಲಿ ಯೂಲಿಯಸ್ ಎವೊಲಾ ಎಂಬ ಲೇಖಕ ಫ್ಯಾಸಿಸ್ಟರು ರೋಮಿನ ಹಳೆಯ ಧರ್ಮಕ್ಕೆ ಮರಳಬೇಕೆಂದು ಪುಸ್ತಕ ಬರೆದ. ಮುಸೊಲಿನಿ ಮರುವರ್ಷವೇ ಪೋಪ್ ಜೊತೆ ಒಪ್ಪಂದ ಮಾಡಿಕೊಂಡ. ಎವೊಲಾನ ನೆರಳು ಇಂದಿಗೂ ಹಳೆಯ ಧರ್ಮವನ್ನು ಬದುಕಿಸಹೊರಟ ಗುಂಪುಗಳ ಅಂಚಿನಲ್ಲಿ ಸುಳಿದಾಡುವುದುಂಟು. ಆಸಕ್ತರೆಲ್ಲರನ್ನೂ ಅದೇ ಕಣ್ಣಿನಿಂದ ನೋಡುವುದು ಮಾತ್ರ ಅನ್ಯಾಯ.

ನಮ್ಮ ಕಾಲದ ಹೊಸ ಅಧ್ಯಾಯ ಬೇರೆ ಬಗೆಯದು. ಅಥೆನ್ಸಿನಲ್ಲಿ 1997ರಲ್ಲಿ ಹೆಲೆನಿಕ್ ಧರ್ಮದವರ ಪರಮೋಚ್ಚ ಮಂಡಳಿ ಹುಟ್ಟಿತು. 2017ರಲ್ಲಿ ಗ್ರೀಸ್ ಸರ್ಕಾರ ಆ ಧರ್ಮವನ್ನು ಮಾನ್ಯ ಧರ್ಮಗಳ ಸಾಲಿಗೆ ಸೇರಿಸಿತು. 2007ರ ಜನವರಿಯಲ್ಲಿ ಇನ್ನೊಂದು ಗುಂಪು ಒಲಿಂಪಿಯನ್ ಜ್ಯೂಸ್ ದೇಗುಲದ ಕಂಬಗಳ ಬಳಿ ಪ್ರಾರ್ಥನೆ ನಡೆಸಿತು. ಅಮೆರಿಕದಲ್ಲಿ 1998ರಲ್ಲಿ ‘ನೋವಾ ರೋಮಾ’ ಎಂಬ ಸಂಘ ಶುರುವಾಯಿತು. ಇಂಥ ಆಸಕ್ತರಲ್ಲಿ ವಾದಗಳು ದೇವರಿದ್ದಾನೋ ಇಲ್ಲವೋ ಎಂಬುದರ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಪಶುಬಲಿ ಬೇಕೇ? ವೆಸ್ಟಾಳ ಅರ್ಚಕಿಯರಿಲ್ಲದೆ ಮೋಲಾ ಸಾಲ್ಸಾ ಬೀಸುವ ಅಧಿಕಾರ ಯಾರಿಗಿದೆ? ತಲೆಗೆ ಮುಸುಕು ಯಾವಾಗ, ಯಾವಾಗ ಬೇಡ?

ಹೊರಗಿನವರಿಗೆ ಇದು ಹಾಸ್ಯಾಸ್ಪದ ಎನ್ನಿಸಬಹುದು. ಆದರೆ ಈ ಕಟ್ಟುನಿಟ್ಟೇ ಪಕ್ಕಾ ರೋಮನ್. ವಿಧಿಯಲ್ಲಿ ಒಂದು ಮಾತು ತಪ್ಪಿದರೂ ಮೊದಲಿನಿಂದ ಮಾಡಬೇಕಿತ್ತು. ಒಂದೇ ಬಲಿಯನ್ನು ಮೂವತ್ತು ಸಲ ಮಾಡಿದ ನಿದರ್ಶನವನ್ನು ಪ್ಲುಟಾರ್ಕ್ ಕೊಡುತ್ತಾನೆ. ಫ್ರೆಂಚ್ ವಿದ್ವಾಂಸ ಜಾನ್ ಶೈಡ್ ರೋಮನ್ನರ ಪಾಲಿಗೆ ಮಾಡುವುದೇ ನಂಬುವುದು ಎಂದು ವಾದಿಸಿದ್ದು ಇಂಥ ಸಾಕ್ಷ್ಯಗಳ ಬಲದಿಂದ.

ಇಲ್ಲಿಗೆ ನನ್ನ ವಾದಕ್ಕೆ ಎದುರಾಗುವ ಒಂದು ಕಲ್ಲಿನ ವಿಷಯ ಹೇಳಲೇಬೇಕು. 1778ರಲ್ಲಿ ವ್ಯಾಟಿಕನ್ನಿನ ಸಂತ ಪೀಟರ್ ಚರ್ಚಿಗೆ ಹೊಸ ಕೋಣೆ ಕಟ್ಟಲು ಅಡಿಪಾಯ ತೋಡುವಾಗ ಕ್ರಿ.ಶ. 218ರ ಒಂದು ಶಾಸನ ಸಿಕ್ಕಿತು. ಅದು ಆರ್ವಾಲ್ ಪುರೋಹಿತರ ನಡಾವಳಿ. ಈ ಪುರೋಹಿತಮಂಡಳಿಯೇ ಅಗಸ್ಟಸ್ ಮತ್ತೆ ಎತ್ತಿ ನಿಲ್ಲಿಸಿದ್ದು; ಕ್ರಿ.ಪೂ. 28ರಲ್ಲಿ 82 ಗುಡಿಗಳನ್ನು ಜೀರ್ಣೋದ್ಧಾರ ಮಾಡಿದೆನೆಂದು ಹೇಳಿಕೊಂಡ ದೊರೆ ಅವನು. ಅಂದರೆ ಹಳತನ್ನು ಹುಡುಕಿ ಮತ್ತೆ ಕಟ್ಟುವ ಕಸುಬು ಕ್ರೈಸ್ತಯುಗದ ತರುವಾಯ ಹುಟ್ಟಿದ್ದಲ್ಲ. ಜೂಲಿಯನ್ ಮೊದಲಿಗನೆಂದು ಮೇಲೆ ಹೇಳಿದ್ದನ್ನು ಆ ಮಟ್ಟಿಗೆ ತಿದ್ದಿಕೊಳ್ಳಬೇಕು.

ಶಾಸನದಲ್ಲಿರುವುದು ಒಂದು ಹಾಡು ಮತ್ತು ಅದನ್ನು ಹಾಡಿದ ಬಗೆ. ಭಾಷೆ ಎಷ್ಟು ಹಳೆಯದೆಂದರೆ ಹಾಡುವವರಿಗೇ ಅರ್ಥವಾಗುತ್ತಿತ್ತೇ ಎಂಬ ಅನುಮಾನ ಬರುತ್ತದೆ. ಇಂಥದೇ ಇನ್ನೊಂದು ಹಾಡಿನ ಬಗ್ಗೆ ಕ್ವಿಂಟಿಲಿಯನ್ ಅದನ್ನು ಹಾಡುವ ಪುರೋಹಿತರಿಗೇ ಅದು ಸರಿಯಾಗಿ ತಿಳಿಯದು ಎಂದು ಬರೆದಿದ್ದಾನೆ. ಹಾಡಿದ ಬಗೆಯನ್ನು ಶಾಸನ ಹೀಗೆ ಹೇಳುತ್ತದೆ: ಆರ್ವಾಲರು ಪೂಜಿಸುತ್ತಿದ್ದ ದಿಯಾ ದೇವಿಯ ಗುಡಿಯ ಬಾಗಿಲು ಮುಚ್ಚಿತು. ಪುರೋಹಿತರು ಉಡುಪನ್ನು ಎತ್ತಿ ಕಟ್ಟಿಕೊಂಡರು. ಕೈಗೆ ಪುಟ್ಟ ಪುಸ್ತಕಗಳನ್ನು ತೆಗೆದುಕೊಂಡು, ನೋಡಿಕೊಂಡು ಹಾಡುತ್ತ, ಮೂರು ಹೆಜ್ಜೆಯ ತಾಳಕ್ಕೆ ಕುಣಿದರು. ಕುಣಿತ ಮುಗಿದ ಮೇಲೆ ಸನ್ನೆಯಾಯಿತು. ನಗರದ ಗುಲಾಮರು ಒಳಗೆ ಬಂದು ಪುಸ್ತಕಗಳನ್ನು ವಾಪಸು ಇಸಿದುಕೊಂಡರು.